ಮಸೂದೆ ಮಸೂದೆಯಾಗಿರುವಾಗಲೇ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಾಸಕರಿಗೆ ಪುರುಸೊತ್ತೇ ಇಲ್ಲ. ಬೆಳಗ್ಗೆ ಉಪನಯನ, ಮಧ್ಯಾಹ್ನ ಗೃಹಪ್ರವೇಶದ ಊಟ, ಸಂಜೆ ಸೊಸೈಟಿಯ ವಾರ್ಷಿಕ ಸಭೆ, ರಾತ್ರಿ ಯಕ್ಷಗಾನದ ಆಟದ ನಡುವೆ ಸನ್ಮಾನ. ಸಂದಿಯಲ್ಲಿ ಮನೆ ಜಗುಲಿಯ ಮೇಲೆ ಕಾದವರನ್ನು ಮಾತಾಡಿಸಬೇಕು. ಒಬ್ಬರಿಗೆ ಮಗಳ ವರ್ಗಾವಣೆ ಆಗಬೇಕು, ಒಬ್ಬರ ಕೇರಿಗೆ ಟ್ರಾನ್ಸ್‌ಫಾರ್ಮರ್ ಬೇಕು, ಒಬ್ಬರ ಹಳ್ಳಕ್ಕೆ ಕಾಲುಸಂಕ ಬೇಕು. ಈ ಯಾವುದೂ ಸಣ್ಣ ವಿಷಯ ಅಲ್ಲ. ಆಷಾಢದ ಮಳೆಯಲ್ಲಿ ಅಡಿಕೆ ಮರದ ಸಂಕ ದಾಟಿ ಶಾಲೆಗೆ ಹೋಗುವ ಮಗುವಿನ ಅಪ್ಪನಿಗೆ ಸಂವಿಧಾನದ ಪಾಠ ಹೇಳೋಕೆ ನನಗೆ ಬಾಯಿ ಬರುವುದಿಲ್ಲ.

ಆದರೂ ಒಂದು ಮಾತು. ಆ ಜಗುಲಿಯ ಅರ್ಜಿಗಳೆಲ್ಲ ಸರ್ಕಾರದ ಕೆಲಸದವು. ತಹಶೀಲ್ದಾರರೋ ಇಂಜಿನಿಯರೋ ಮಾಡಬೇಕಾದದ್ದು. ಶಾಸಕರು ಫೋನು ಮಾಡಿ ಅದನ್ನು ಮಾಡಿಸುತ್ತಾರೆ, ಅಷ್ಟೆ. ‘ಮುಂದಿನ ಅಧಿವೇಶನಕ್ಕೆ ಇಂಥ ಮಸೂದೆ ಬರುತ್ತಂತೆ, ಅದರ ನಾಲ್ಕನೇ ಕಲಮು ನಮಗೆ ಹೊಡೆತ, ಒಂದು ತಿದ್ದುಪಡಿ ಕೊಡಿ’ ಅಂತ ಯಾರಾದರೂ ಅಲ್ಲಿ ಕೇಳಿದ್ದನ್ನು ನಾನು ಕಂಡಿಲ್ಲ. ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಸದನ ನಡೆಯುವಾಗ ಜನ ಹೇಳುವುದು, ‘ಎಮ್ಮೆಲ್ಲೆ ಊರಲ್ಲಿ ಇಲ್ಲ, ಅಧಿವೇಶನ ಮುಗಿದ ಮೇಲೆ ಬನ್ನಿ’ ಅಂತ. ಅವರನ್ನು ಆರಿಸಿದ್ದೇ ಅಲ್ಲಿ ಹೋಗಿ ಕೂರಲಿಕ್ಕೆ, ಅಲ್ವಾ?

ಇದನ್ನು ಹೇಳಲು ಕಾರಣ ಇದೆ. ಉತ್ತರ ಕನ್ನಡದಷ್ಟು ಕಾನೂನಿನ ಕಲಮುಗಳ ಮೇಲೆ ಬದುಕು ನಿಂತಿರುವ ಜಿಲ್ಲೆ ರಾಜ್ಯದಲ್ಲಿ ಕಡಿಮೆ. ಮುಕ್ಕಾಲು ಪಾಲಿಗಿಂತ ಜಾಸ್ತಿ ನೆಲ ದಾಖಲೆಯಲ್ಲಿ ಅರಣ್ಯ. ಉಳಿದದ್ದರಲ್ಲಿ ಗದ್ದೆ, ತೋಟ, ರಸ್ತೆ, ಊರು, ನೌಕಾನೆಲೆ, ಅಣುಸ್ಥಾವರ ಎಲ್ಲ. ಮನೆ ಕಟ್ಟಿದ ಜಾಗ ನಮ್ಮದು ಹೌದೋ ಅಲ್ಲವೋ ಅನ್ನುವುದು ಎಷ್ಟೋ ಜನರಿಗೆ ಇವತ್ತಿಗೂ ಗಟ್ಟಿಯಾಗಿ ಗೊತ್ತಿಲ್ಲ. ಅದನ್ನು ತೀರ್ಮಾನ ಮಾಡುವುದು ಎಲ್ಲೋ ಯಾರೋ ಬರೆದ ಒಂದು ವಾಕ್ಯ.

ನಮ್ಮ ಮನೆಯ ಹಳೇ ಟ್ರಂಕಿನಲ್ಲಿ ಒಂದು ಕಾಗದ ಇದೆ. ಭೂನ್ಯಾಯಮಂಡಳಿಯ ಆದೇಶ. ಟೈಪ್ ಮಾಡಿದ ಒಂದೂವರೆ ಪುಟ, ಈರುಳ್ಳಿ ಸಿಪ್ಪೆಯಷ್ಟು ತೆಳು. ಸರ್ವೆ ನಂಬರಿನ ಜಾಗ ಮಾತ್ರ ಖಾಲಿ ಬಿಟ್ಟು, ಆಮೇಲೆ ನೀಲಿ ಶಾಯಿಯಲ್ಲಿ ತುಂಬಿದ್ದಾರೆ. ‘ಅರ್ಜಿದಾರ ಹಾಜರು. ಎದುರುದಾರ ಹಾಜರು.’ ಆಮೇಲೆ ಅಜ್ಜನ ಹೇಳಿಕೆ ಮೂರು ಸಾಲು, ಭೂಮಿಯ ಒಡೆಯರ ಹೇಳಿಕೆ ಎರಡು ಸಾಲು. ಕೊನೆಗೆ ಗೇಣಿದಾರನೆಂದು ಒಪ್ಪಿ ಅಧಿಭೋಗದ ಹಕ್ಕು, ಅಂದರೆ ಆ ಭೂಮಿಯನ್ನು ತನ್ನದಾಗಿ ಅನುಭವಿಸುವ ಹಕ್ಕು, ಕೊಟ್ಟಿದೆ. ಕೆಳಗೆ ಐದು ಸಹಿ. ಅದರಲ್ಲಿ ಒಂದು ಸಹಿ ಬರೆಯಲು ಕಷ್ಟಪಟ್ಟವರದ್ದು, ಅಕ್ಷರ ಒಂದೊಂದೂ ಬೇರೆ ಬೇರೆ ನಿಂತಿದೆ. ನನಗೆ ಆ ಕಾಗದದಲ್ಲಿ ತುಂಬಾ ಇಷ್ಟವಾದದ್ದು ಅದೇ ಸಹಿ.

1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು, ಉಳುವವನು ಫಾರ್ಮ್ ನಂಬರ್ 7 ತುಂಬಿ ಹಕ್ಕು ಕೇಳಬಹುದಾಯಿತು. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಶನ್ ಕೊಡುವುದು’ ಅಂತಲೇ ಹೆಸರು. ಅರ್ಜಿ ತೀರ್ಮಾನಕ್ಕೆ ತಾಲೂಕು ಮಟ್ಟದಲ್ಲಿ ನ್ಯಾಯಮಂಡಳಿ. ಎಸಿ (ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿ) ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಒಳಗೆ ಪ್ರವೇಶ ಇಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಿ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ಬೇರೆ ಬೇರೆ ಇರಬೇಕು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಇಲ್ಲಿ ಶಾಸನಸಭೆ ಏನು ಮಾಡಿತು? ನ್ಯಾಯಾಧೀಶರ ಕೆಲಸವನ್ನು ಸಿವಿಲ್ ಕೋರ್ಟಿನಿಂದ ತೆಗೆದು ಸರ್ಕಾರಿ ಅಧಿಕಾರಿಯ ಕೈಗೂ ಸರ್ಕಾರ ಆರಿಸಿದವರ ಕೈಗೂ ಕೊಟ್ಟಿತು. ಪುಸ್ತಕದ ಪ್ರಕಾರ ಇದು ತಪ್ಪು. ನನ್ನ ಪ್ರಕಾರ ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ. ಒಡೆಯರ ಪರ ಧಾರವಾಡದ ವಕೀಲರು ಬಂದು ನಿಂತಿದ್ದರೆ ನಮ್ಮಜ್ಜ ಬಾಯಿ ತೆರೆಯುತ್ತಿರಲಿಲ್ಲ. ಗೇಣಿ ರಸೀದಿ ಕೊಡುವ ಪದ್ಧತಿಯೇ ಇಲ್ಲದ ಊರಲ್ಲಿ ರಸೀದಿ ಕೇಳುವ ಕೋರ್ಟು ಯಾರ ಪರ ತೀರ್ಪು ಕೊಡುತ್ತಿತ್ತು ಅಂತ ಹೇಳಬೇಕಾಗಿಲ್ಲ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. ವಕೀಲರನ್ನು ಹೊರಗಿಡುವ ಕಲಮು ಮಾತ್ರ ನಿಲ್ಲುವುದಿಲ್ಲ ಅಂದಿತು. ವಕೀಲರ ಕಾಯ್ದೆ ಸಂಸತ್ತಿನದು, ಅದಕ್ಕೆ ವಿರುದ್ಧವಾಗಿ ರಾಜ್ಯ ಕಾನೂನು ಮಾಡುವ ಹಾಗಿಲ್ಲ ಅನ್ನುವುದು ಕಾರಣ. ಭೂಮಿ ಯಾರಿಗೆ ಅನ್ನುವ ದೊಡ್ಡ ತೀರ್ಮಾನಕ್ಕೆ ಕೋರ್ಟು ಕೈ ಹಾಕಲಿಲ್ಲ, ಅದನ್ನು ಸದನಕ್ಕೇ ಬಿಟ್ಟಿತು. ಒಬ್ಬರು ಇನ್ನೊಬ್ಬರ ಕೆಲಸಕ್ಕೆ ಎಷ್ಟು ದೂರ ಹೋಗಬಹುದು ಅಂತ ಯಾರಾದರೂ ಕೇಳಿದರೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಅದೇ ಕಾಯ್ದೆ 2020ರಲ್ಲಿ ಇನ್ನೊಂದು ಸಲ ಬದಲಾಯಿತು. 79ಎ, 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರು, ಬೇರೆ ಆದಾಯ ಜಾಸ್ತಿ ಇರುವವರು ಕೃಷಿ ಭೂಮಿ ಕೊಳ್ಳಬಾರದು ಅನ್ನುವ ಕಲಮುಗಳು ಅವು. ಈ ಸಲ ಕೆಲಸ ಶುರುವಾದದ್ದು ಸದನದಲ್ಲಿ ಅಲ್ಲ, ಜುಲೈ ತಿಂಗಳ ಒಂದು ಸುಗ್ರೀವಾಜ್ಞೆಯಲ್ಲಿ. ಸೆಪ್ಟೆಂಬರಿನಲ್ಲಿ ವಿಧಾನಸಭೆ ಒಪ್ಪಿತು, ಪರಿಷತ್ತಿನಲ್ಲಿ ಆಗಲಿಲ್ಲ. ಮತ್ತೆ ಸುಗ್ರೀವಾಜ್ಞೆ. ಡಿಸೆಂಬರಿನಲ್ಲಿ ಪರಿಷತ್ತೂ ಒಪ್ಪಿತು.

ಆ ಕಲಮು ಹೋದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಅನ್ನುವುದರಲ್ಲಿ ನಮ್ಮ ಊರಲ್ಲೇ ಎರಡು ಪಕ್ಷ ಇದೆ. ತೋಟ ಮಾರಿ ಬೆಂಗಳೂರಿಗೆ ಮಕ್ಕಳ ಹತ್ತಿರ ಹೋಗಬೇಕೆಂದಿದ್ದ ಮುದುಕರಿಗೆ ಅನುಕೂಲವೇ ಆಯಿತು. ನನ್ನ ತಕರಾರು ಬೇರೆ. ಸಂವಿಧಾನದ 213ನೇ ವಿಧಿ ಸುಗ್ರೀವಾಜ್ಞೆಗೆ ಅವಕಾಶ ಕೊಟ್ಟಿರುವುದು ಸದನ ಸೇರದಿರುವಾಗ ಕೂಡಲೇ ಏನಾದರೂ ಮಾಡಲೇಬೇಕಾದ ಸಂದರ್ಭ ಬಂದರೆ ಅಂತ. ಕೊರೊನಾ ಕಾಲ, ಎಲ್ಲರೂ ಮನೆಯೊಳಗೆ. ಆಗ ಹೊಲ ಕೊಳ್ಳೋಕೆ ಅಷ್ಟು ಅವಸರ ಯಾರಿಗಿತ್ತು? ಸರ್ಕಾರ ಮೊದಲು ಕಾನೂನು ಜಾರಿ ಮಾಡಿ ಆಮೇಲೆ ಸದನಕ್ಕೆ ತಂದರೆ ಅಲ್ಲಿ ಉಳಿಯುವುದು ಕೈ ಎತ್ತುವ ಕೆಲಸ ಮಾತ್ರ.

ಸುಗ್ರೀವಾಜ್ಞೆ ಈಗಿನ ಚಾಳಿ ಅಂತೇನೂ ಇಲ್ಲ. ನಮ್ಮ ಜಿಲ್ಲೆಯನ್ನು ಎಲ್ಲಕ್ಕಿಂತ ಜಾಸ್ತಿ ಹಿಡಿದಿಟ್ಟಿರುವ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯೂ ಮೊದಲು ಬಂದದ್ದು ಸುಗ್ರೀವಾಜ್ಞೆಯಾಗಿಯೇ, ಆ ವರ್ಷದ ಅಕ್ಟೋಬರ್ 25ರಂದು. ಕಾಡು ಉಳಿಯಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. 1983ರಲ್ಲಿ ಶಿರಸಿಯ ಸಲ್ಕಣಿ ಕಡೆ ಜನ ಮರ ಅಪ್ಪಿಕೊಂಡು ನಿಂತದ್ದು ಇಲಾಖೆಯೇ ಕಡಿಸುತ್ತಿದ್ದ ಕಾಡಿಗಾಗಿ. ಆದರೆ ಕಾಡು ಅಂದರೆ ಯಾವುದು ಅಂತ ಆ ಕಾಯ್ದೆ ಹೇಳಲೇ ಇಲ್ಲ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಹೇಳಿತು. ನಿಘಂಟಿನಲ್ಲಿ ಕಾಡು ಅನ್ನಬಹುದಾದದ್ದೆಲ್ಲ ಕಾಡು, ದಾಖಲೆಯಲ್ಲಿ ಅರಣ್ಯ ಅಂತಿರುವುದೂ ಕಾಡು. ಸಂಸತ್ತು ಮತ್ತೆ ಆ ಪ್ರಶ್ನೆಗೆ ಬಂದದ್ದು 2023ರ ತಿದ್ದುಪಡಿಯಲ್ಲಿ. ನಡುವಿನ ಇಪ್ಪತ್ತಾರು ವರ್ಷ ಕೋರ್ಟಿನ ಅರ್ಥವೇ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟವನ್ನೂ ಊರ ಪಕ್ಕದ ಹಾಡಿಯನ್ನೂ ಆಳಿತು. ‘ಕೋರ್ಟು ಎಲ್ಲದಕ್ಕೂ ಕೈ ಹಾಕುತ್ತದೆ’ ಅಂತ ಬೈಯುವವರು ಇದನ್ನೂ ನೋಡಬೇಕು. ಸದನ ಬಿಟ್ಟ ಜಾಗದಲ್ಲಿ ಯಾರಾದರೂ ಕೂರಲೇಬೇಕಲ್ಲ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿಗೆ ಬರುತ್ತೇನೆ. ಅರಣ್ಯ ಹಕ್ಕು ಕಾಯ್ದೆ. ಕಾಡಿನ ನೆಲದಲ್ಲಿ ಮೊದಲಿನಿಂದ ಬದುಕುತ್ತಿರುವವರಿಗೆ ಆ ನೆಲದ ಹಕ್ಕು ಕೊಡುವ ಕಾಯ್ದೆ ಅದು. ಶಿರಸಿ, ಸಿದ್ದಾಪುರ, ಅಂಕೋಲಾ, ಹೊನ್ನಾವರ ಎಲ್ಲಿ ಹೋದರೂ ಈ ಹೆಸರು ಗೊತ್ತಿಲ್ಲದವರಿಲ್ಲ. ಅತಿಕ್ರಮಣ, ಜಿಪಿಎಸ್ ಅಳತೆ, ಅರ್ಜಿ ತಿರಸ್ಕೃತ ಈ ಮೂರು ಮಾತು ಸೇರಿಸಿದರೆ ಒಂದು ಮನೆಯ ಚರಿತ್ರೆ ಆಗುತ್ತದೆ. ಆದರೆ ಆ ಕಾಯ್ದೆ ಮಸೂದೆಯಾಗಿದ್ದಾಗ ಹೇಗಿತ್ತು ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ.

2005ರ ಡಿಸೆಂಬರ್ 13ರಂದು ಲೋಕಸಭೆಗೆ ಬಂದ ಮಸೂದೆಯಲ್ಲಿ ಇದ್ದದ್ದು ಪರಿಶಿಷ್ಟ ಪಂಗಡದವರು ಮಾತ್ರ. ಅದಕ್ಕೂ ಮೊದಲೇ ಕಾಡಿನಲ್ಲಿ ಇದ್ದಿರಬೇಕು ಅನ್ನುವ ಗಡುವು 1980ರ ಅಕ್ಟೋಬರ್ 25, ಅಂದರೆ ಅದೇ ಅರಣ್ಯ ಸುಗ್ರೀವಾಜ್ಞೆಯ ದಿನ. ನಮ್ಮ ಜಿಲ್ಲೆಗೆ ಇದನ್ನು ಹಾಕಿ ನೋಡಿ. ಸಿದ್ದಿಯರು ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಅವರಿಗೆ ಸಿಗುತ್ತಿತ್ತು. ಭಟ್ಕಳ ಕಡೆಯ ಗೊಂಡರಿಗೆ ಸಿಗುತ್ತಿತ್ತು. ಹಾಲಕ್ಕಿಗಳು ಇವತ್ತಿಗೂ ಆ ಪಟ್ಟಿಯಲ್ಲಿಲ್ಲ, ಅವರು ಹೊರಗೆ. ನಾಮಧಾರಿಗಳು, ಮುಕ್ರಿಗಳು, ಕರೆ ಒಕ್ಕಲಿಗರು, ಕಾಡಂಚಿನಲ್ಲಿ ಎರಡು ಎಕರೆ ಮಾಡಿಕೊಂಡ ಬಡ ಹವ್ಯಕರು ಎಲ್ಲರೂ ಹೊರಗೆ. ಜಿಲ್ಲೆಯ ಅತಿಕ್ರಮಣದಾರರಲ್ಲಿ ಬಹುಪಾಲು ಜನರಿಗೆ ಅರ್ಜಿ ಹಾಕುವ ಹಕ್ಕೇ ಇರುತ್ತಿರಲಿಲ್ಲ.

ಆ ಮಸೂದೆ ಎರಡೂ ಸದನದ ಸದಸ್ಯರಿದ್ದ ಜಂಟಿ ಸಮಿತಿಗೆ ಹೋಯಿತು. ಕಿಶೋರ್ ಚಂದ್ರ ದೇವ್ ಅಧ್ಯಕ್ಷರು. ಸಮಿತಿ ಅಂದರೆ ಟಿವಿಯಲ್ಲಿ ಬರುವುದಲ್ಲ. ಬಾಗಿಲು ಹಾಕಿದ ಕೋಣೆ, ಉದ್ದನೆ ಮೇಜು, ಕಲಮು ಕಲಮಾಗಿ ಓದುವುದು, ಅಧಿಕಾರಿಗಳನ್ನು ಕರೆದು ‘ಇದು ಯಾಕೆ ಹೀಗೆ ಬರೆದಿದ್ದೀರಿ’ ಅಂತ ಕೇಳುವುದು, ಹೊರಗಿನವರ ಮನವಿ ತೆಗೆದುಕೊಳ್ಳುವುದು. 2006ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳನ್ನೂ ಸೇರಿಸಿ, ಗಡುವನ್ನು ಮುಂದೆ ತನ್ನಿ ಅಂದಿತು. ಆ ವರ್ಷದ ಡಿಸೆಂಬರಿನಲ್ಲಿ ಕಾಯ್ದೆ ಆದಾಗ ಈ ಎರಡೂ ಅದರಲ್ಲಿ ಇದ್ದವು. ಗಡುವು 2005ರ ಡಿಸೆಂಬರ್ 13 ಆಯಿತು, ಇತರ ಪಾರಂಪರಿಕ ಅರಣ್ಯವಾಸಿಗಳು ಒಳಗೆ ಬಂದರು.

ಅಂದರೆ ಇವತ್ತು ಹೊನ್ನಾವರದ ಯಾವುದೋ ಹಾಲಕ್ಕಿ ಕೊಪ್ಪದವರ ಕೈಯಲ್ಲಿ ಒಂದು ಸ್ವೀಕೃತಿ ಪತ್ರ ಇದ್ದರೆ, ಅದು ಯಾವ ಪ್ರಧಾನಿಯ ದಯೆಯೂ ಅಲ್ಲ, ಯಾವ ಕೋರ್ಟಿನ ಆದೇಶವೂ ಅಲ್ಲ. ಒಂದು ಸಮಿತಿ ಮಸೂದೆಯನ್ನು ಗಮನ ಇಟ್ಟು ಓದಿತು, ಅಷ್ಟೇ. ಶಾಸನಸಭೆ ಅನ್ನುವುದು ಯಾಕೆ ಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು ತಿಳಿದ ಮೇಲೆ. ಕಾನೂನು ಇನ್ನೂ ಮೆತ್ತಗಿರುವ ಜಾಗ ಅದೊಂದೇ. ಒಮ್ಮೆ ಗೆಜೆಟ್ಟಿನಲ್ಲಿ ಅಚ್ಚಾದರೆ ಮುಗಿಯಿತು. ಆಮೇಲೆ ನಾವು ಎಸಿ ಆಫೀಸಿನ ಮುಂದೆ ನಿಲ್ಲಬೇಕು, ಇಲ್ಲವೇ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ ಸ್ಟೇ ತರಬೇಕು. ಅಲ್ಲಿ ಕೇಳುವುದು ಕಲಮು ಏನು ಹೇಳುತ್ತದೆ ಅಂತ. ಕಲಮು ಹೀಗಿರಬೇಕಿತ್ತು ಅಂತ ಹೇಳೋಕೆ ಅಲ್ಲಿ ಜಾಗ ಇಲ್ಲ.

ಅದೇ ಕಾಯ್ದೆಯಲ್ಲಿ ಸೇರಿಕೊಂಡ ಇನ್ನೊಂದು ಮಾತನ್ನು ನೋಡಿ. ಪಂಗಡದವರಲ್ಲದವರು ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷ, ಅಲ್ಲಿದ್ದದ್ದಕ್ಕೆ ಸಾಕ್ಷಿ ಕೊಡಬೇಕು. 2005ರಿಂದ 75 ವರ್ಷ ಹಿಂದೆ ಅಂದರೆ 1930. ಆಗ ನಮ್ಮ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ. ಮುಂದೆ ಕರನಿರಾಕರಣೆ ಮಾಡಿ ಅಂಕೋಲೆ, ಸಿದ್ದಾಪುರದ ರೈತರು ಜಮೀನನ್ನೇ ಕಳೆದುಕೊಂಡರು. ಗುಡ್ಡದ ಮೇಲೆ ಬೇಣ (ಹುಲ್ಲಿನ ಜಾಗ) ಮಾಡಿಕೊಂಡಿದ್ದ ಒಬ್ಬ ಕೂಲಿಯವನ ಹೆಸರನ್ನು ಆ ಸರ್ಕಾರ ಯಾವ ಪುಸ್ತಕದಲ್ಲಿ ಬರೆದಿಟ್ಟಿರುತ್ತದೆ? ಹಿರಿಯರ ಹೇಳಿಕೆಯೂ ಸಾಕ್ಷಿಯೇ ಅಂತ ನಿಯಮದಲ್ಲಿ ಇದೆ. ಕಚೇರಿಯಲ್ಲಿ ಮಾತ್ರ ಕೇಳುವುದು ಕಾಗದ. 75 ಅನ್ನುವ ಒಂದೇ ಒಂದು ಅಂಕೆ ಮಸೂದೆಯ ಹಂತದಲ್ಲಿ ಕಡಿಮೆಯಾಗಿದ್ದರೆ ನಮ್ಮಲ್ಲಿ ಇಷ್ಟು ಅರ್ಜಿ ಬೀಳುತ್ತಿರಲಿಲ್ಲ. ಆಗ ನಮ್ಮ ಕಡೆಯಿಂದ ಎಷ್ಟು ಜನ ಅದಕ್ಕಾಗಿ ತಮ್ಮ ಸಂಸದರ ಬೆನ್ನು ಹತ್ತಿದ್ದರು ಅಂತ ಯೋಚನೆ ಬರುತ್ತದೆ. ರೈಲು, ರಸ್ತೆ ಅಂತ ಹತ್ತಿರಬೇಕು.

2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕೃತ ಆದವರನ್ನು ತೆರವು ಮಾಡಿ ಅಂತ ರಾಜ್ಯಗಳಿಗೆ ಹೇಳಿದಾಗ ನಮ್ಮ ಕಡೆ ಊಟ ಸೇರದ ಮನೆಗಳು ಎಷ್ಟೋ. ಅದೇ ತಿಂಗಳ 28ರಂದು ಕೋರ್ಟೇ ಅದನ್ನು ತಡೆಹಿಡಿಯಿತು. ಇದರ ಜೊತೆಗೆ ರಾಜ್ಯದ ಅರಣ್ಯ ಕಾಯ್ದೆಯ 64ಎ ಕಲಮನ್ನು ಇಟ್ಟು ನೋಡಿ. ಒತ್ತುವರಿ ಅಂತ ವರದಿ ಬರೆಯುವುದು ಅರಣ್ಯ ಇಲಾಖೆ. ವಿಚಾರಣೆ ಮಾಡಿ ತೆರವಿನ ಆದೇಶ ಕೊಡುವುದು ಅದೇ ಇಲಾಖೆಯ ಎಸಿಎಫ್, ಅಂದರೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ. ದೂರು, ತೀರ್ಪು ಎರಡೂ ಒಂದೇ ಜೀಪಿನಲ್ಲಿ ಬರುತ್ತವೆ. ನಮ್ಮಜ್ಜನ ನ್ಯಾಯಮಂಡಳಿಯನ್ನು ಒಪ್ಪಿದವನು ಇದನ್ನು ಯಾಕೆ ಒಪ್ಪುವುದಿಲ್ಲ ಅಂತ ನೀವು ಕೇಳಬಹುದು. ಅಲ್ಲಿ ಸರ್ಕಾರ ಕೂತದ್ದು ಇಬ್ಬರ ನಡುವೆ. ಇಲ್ಲಿ ಸರ್ಕಾರವೇ ಒಂದು ಕಕ್ಷಿ.

ಸರಿ, ಸದನ ಯಾಕೆ ಹೀಗಾಯಿತು? ದೊಡ್ಡ ಕಾರಣ ನಮ್ಮ ಪದ್ಧತಿಯಲ್ಲೇ ಇದೆ. ಇಲ್ಲಿ ಮಂತ್ರಿಗಳು ಸದನದ ಒಳಗಿನವರೇ. ಬಹುಮತ ಇರುವವರೇ ಸರ್ಕಾರ ಮಾಡುವುದರಿಂದ ಸರ್ಕಾರ ತಂದ ಮಸೂದೆ ಬೀಳುವುದಿಲ್ಲ. ಹಾಗಾಗಿ ಕಾವಲು ಕಾಯಬೇಕಾದವರು ಮಂತ್ರಿಯಾಗದೆ ಉಳಿದ ಸಾಮಾನ್ಯ ಶಾಸಕರು, ಆಳುವ ಪಕ್ಷದವರೂ ಸೇರಿ. 224 ಜನರಲ್ಲಿ ಮಂತ್ರಿಗಳು 34ಕ್ಕಿಂತ ಜಾಸ್ತಿ ಆಗುವ ಹಾಗಿಲ್ಲ, 2003ರ ತಿದ್ದುಪಡಿ ಹಾಕಿದ ಮಿತಿ ಅದು. ಉಳಿದವರು ಪ್ರಶ್ನೆ ಕೇಳಬೇಕು. ಆದರೆ ಉಳಿದವರ ಕಣ್ಣು ಆ 34ರ ಮೇಲೆ, ಅದು ಸಿಗದಿದ್ದರೆ ನಿಗಮ ಮಂಡಳಿಯ ಮೇಲೆ. ಮೇಲಿಂದ ವಿಪ್ ಬೇರೆ, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆಜ್ಞೆ.

ತಾಳಮದ್ದಲೆ ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವಾಲಿವಧೆ ತಾಳಮದ್ದಲೆಯಲ್ಲಿ ವಾಲಿಯ ಅರ್ಥ ಹೇಳುವವರು ಮನೆಯಲ್ಲಿ ದಿನಾ ರಾಮನ ಪೂಜೆ ಮಾಡುವವರೇ ಇರಬಹುದು. ಆದರೆ ಕೂತ ಮೇಲೆ ರಾಮನನ್ನು ಬಿಡುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ಹಿಡಿದು ಕೇಳುತ್ತಾರೆ. ರಾಮ ಉತ್ತರ ಹೇಳಲೇಬೇಕು, ಬರೆದು ತಂದ ಚೀಟಿ ಅಲ್ಲಿ ನಡೆಯುವುದಿಲ್ಲ, ಭಾಗವತರು ಮುಂದಿನ ಪದ ಎತ್ತುವವರೆಗೆ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ಸದನದ ಚರ್ಚೆ ನೋಡುವಾಗ ನನಗೆ ಕೊರತೆ ಕಾಣುವುದು ಅಲ್ಲಿ. ಗಲಾಟೆ ಇದೆ, ಧರಣಿ ಇದೆ, ಎದುರಿನವರ ಮಾತಿಗೆ ಉತ್ತರ ಇಲ್ಲ.

ಪಕ್ಷಾಂತರ ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿದರು. ಒಳ್ಳೆಯ ಉದ್ದೇಶವೇ. ಆದರೆ ಆಗಿರುವುದು ಏನು? ಒಂದು ಕಲಮಿನ ಬಗ್ಗೆ ಭಿನ್ನವಾಗಿ ಮತ ಹಾಕಿದರೆ ಶಾಸಕ ಸ್ಥಾನವೇ ಹೋಗಬಹುದು. ಸಾರಾಸಗಟಾಗಿ ರಾಜೀನಾಮೆ ಕೊಟ್ಟು ಹೋದರೆ ಮಾತ್ರ ದಾರಿ ಸಿಗುತ್ತದೆ. 2019ರಲ್ಲಿ ಅನರ್ಹರಾದ 17 ಶಾಸಕರಲ್ಲಿ ಯಲ್ಲಾಪುರದ ಶಿವರಾಮ ಹೆಬ್ಬಾರರೂ ಒಬ್ಬರು. ಸ್ಪೀಕರ್ ಕೊಟ್ಟ ಅನರ್ಹತೆಯನ್ನು ಸುಪ್ರೀಂ ಕೋರ್ಟು ನವೆಂಬರಿನಲ್ಲಿ ಒಪ್ಪಿತು, ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದು ಅನ್ನುವುದನ್ನು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಅವರು ಬೇರೆ ಪಕ್ಷದಿಂದ ನಿಂತು ಗೆದ್ದರು, ಮುಂದೆ ಮಂತ್ರಿಯೂ ಆದರು. ಸ್ಪೀಕರ್, ಕೋರ್ಟು, ಮತದಾರ ಮೂವರೂ ತಮ್ಮ ತಮ್ಮ ಮಾತು ಹೇಳಿದ್ದಾಯಿತು, ಮೂರೂ ಬೇರೆ ಬೇರೆ.

ಅದೇ ಅವಧಿಯಲ್ಲಿ ಸ್ಪೀಕರ್ ಪೀಠಕ್ಕೆ ಬಂದವರು ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ. 2023ರಲ್ಲಿ ಅವರು ಸೋತರು. ಸೋಲಿಗೆ ಹತ್ತು ಕಾರಣ ಇರಬಹುದು. ಆದರೆ ಚುನಾವಣೆಯ ಹೊತ್ತಿಗೆ ಶಿರಸಿ ಪೇಟೆಯಲ್ಲಿ ನನ್ನ ಕಿವಿಗೆ ಬಿದ್ದ ಮಾತಿನಲ್ಲಿ ಅವರು ಸದನ ನಡೆಸಿದ್ದು ಒಳ್ಳೆಯದಾಗಿತ್ತೋ ಇಲ್ಲವೋ ಅನ್ನುವುದು ಬರಲೇ ಇಲ್ಲ. ಪರವಾಗಿದ್ದವರೂ ಅದನ್ನು ಎತ್ತಲಿಲ್ಲ, ವಿರುದ್ಧ ಇದ್ದವರೂ ಎತ್ತಲಿಲ್ಲ.

ಸದನದ ಬೆಲೆ ಏನು ಅಂತ ದೇಶಕ್ಕೆ ತೋರಿಸಿದ ಪ್ರಕರಣ ನಮ್ಮ ರಾಜ್ಯದ್ದೇ. 1989ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ, ಬಹುಮತವನ್ನು ಸದನದಲ್ಲೇ ತೋರಿಸುತ್ತೇನೆ ಅಂದರೂ ರಾಜ್ಯಪಾಲರು ಕೇಳಲಿಲ್ಲ, ಸರ್ಕಾರ ಹೋಯಿತು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಲೆಕ್ಕ ಹಾಕುವ ಜಾಗ ರಾಜಭವನ ಅಲ್ಲ, ಸದನ ಅಂತ ಹೇಳಿತು. ಬೊಮ್ಮಾಯಿಯವರಿಗೆ ಅದರಿಂದ ಏನೂ ಸಿಗಲಿಲ್ಲ. ಆಮೇಲೆ ಬಂದ ಮುಖ್ಯಮಂತ್ರಿಗಳಿಗೆಲ್ಲ ಸಿಕ್ಕಿತು.

ಬೊಮ್ಮಾಯಿಗಿಂತ ಮೊದಲು ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ನಮ್ಮ ಸಿದ್ದಾಪುರದವರು. ಅವರ ಕಾಲದಲ್ಲಿ ಸದನ 1984ರ ಲೋಕಾಯುಕ್ತ ಕಾಯ್ದೆ ಮಾಡಿತು. ಅದರ ಬಲದಿಂದಲೇ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅಂಕೋಲೆಯ ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾದ ಅದಿರು ಮಾಯವಾದದ್ದರ ಬೆನ್ನು ಹತ್ತಿದರು, 2011ರ ವರದಿ ಆದ ಮೇಲೆ ಮುಖ್ಯಮಂತ್ರಿಯೇ ಕುರ್ಚಿ ಬಿಡಬೇಕಾಯಿತು. 2016ರಲ್ಲಿ ಇನ್ನೊಂದು ಪಕ್ಷದ ಸರ್ಕಾರ ಬರೀ ಒಂದು ಸರ್ಕಾರಿ ಆದೇಶದಿಂದ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿ ಲೋಕಾಯುಕ್ತ ಪೊಲೀಸರ ಕೈ ಕಟ್ಟಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು.

ಇದನ್ನೆಲ್ಲ ಇಷ್ಟು ಬರೆಯಲು ಕಾರಣ ನಮ್ಮ ಊರಿನ ಇಬ್ಬರು ಹುಡುಗರು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಲ್ಲರೂ ಫೇಸ್‌ಬುಕ್ಕಿನಲ್ಲಿ ಕೂಗಿದೆವು. ಆ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಮಗುಚಿದ ಮೇಲೆ ಕೂಗು ಇನ್ನೂ ಜೋರಾಯಿತು. ಈ ಹುಡುಗರು ಮನವಿ ಹಿಡಿದುಕೊಂಡು ಯಾರ ಜಗುಲಿಗೂ ಹೋಗಿಲ್ಲ. ವಿಧಾನಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ. ಮಂತ್ರಿ ಸದನದಲ್ಲಿ ‘ಮಾಡುತ್ತೇವೆ’ ಅಂದದ್ದನ್ನು ಮಾಡಿದರೋ ಇಲ್ಲವೋ ಅಂತ ನೋಡುವುದು ಅದರ ಕೆಲಸ. ಆಸ್ಪತ್ರೆಯ ಬಗ್ಗೆ ಸದನದಲ್ಲಿ ಬಂದ ಉತ್ತರಗಳನ್ನೆಲ್ಲ ತಾರೀಕಿನ ಸಮೇತ ಸೇರಿಸಿ ಆ ಸಮಿತಿಗೂ ನಮ್ಮ ಜಿಲ್ಲೆಯ ಆರೂ ಶಾಸಕರಿಗೂ ಕಳಿಸುವುದು ಅವರ ಲೆಕ್ಕಾಚಾರ. ನಡಾವಳಿ ಎಲ್ಲ ವೆಬ್‌ಸೈಟಿನಲ್ಲಿ ಇದೆ. ಕೆಲವು ಪಿಡಿಎಫ್‌ಗಳಲ್ಲಿ ‘ಆಸ್ಪತ್ರೆ’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ, ಕಣ್ಣಲ್ಲೇ ಪುಟ ಪುಟ ಓದಬೇಕು. ಓದೋಕೆ ಇನ್ನೂ ಒಂದಿಬ್ಬರು ಬೇಕಂತೆ.